ಪೆಟ್ಟಿಗೆಯ ಮೇಲಿನ ಲಾರಿ

ಪುಣೆ, ಕೋಥರೂಡ
21 ನವೆಂಬರ್ 2004, ರವಿವಾರ

ಪ್ರೀತಿಯ ತಮ್ಮ ಧರ್ಮರಾಜನಿಗೆ ನಿನ್ನ ಅಣ್ಣ ಸಿದ್ದಲಿಂಗಪ್ಪ ಮಾಡುವ ಆಶೀರ್ವಾದಗಳು.

ನೀನು ಹೇಗಿದ್ದೀ? ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ದಿನವಿಡೀ ಕಾವಲು ನಿಂತು ಬೆನ್ನು ಹಿಡಿದುಕೊಳ್ಳುತ್ತದೆ ಎಂದು ಅವ್ವ ಫೋನಿನಲ್ಲಿ ಹೇಳಿದಳು, ಈಗ ಹೇಗಿದೆ? ಅವ್ವನ ಮೊಣಕಾಲಿಗೆ ಕಳಿಸಿದ ಎಣ್ಣೆ ಮುಗಿದಿದ್ದರೆ ಹೇಳು, ಇನ್ನೊಂದು ಬಾಟಲಿ ಕಳಿಸುತ್ತೇನೆ. ಭಾಮಾಳ ಕೆಮ್ಮು ಕಬ್ಬಿನ ಗಾಡಿಗಳ ಧೂಳಿಗೆ ಹೆಚ್ಚಾಗುತ್ತದಲ್ಲ, ದೌಂಡದಲ್ಲಿ ಈಗ ಅದೇ ಕಾಲ, ಬಾಯಿಗೆ ಸೆರಗು ಕಟ್ಟಿಕೊಳ್ಳಲು ಹೇಳು. ಆರತಿಗೆ ಕನ್ನಡಕ ಬಂತಂತೆ. ಹಾಕಿಕೊಳ್ಳಲು ನಾಚುತ್ತಾಳಂತೆ. ಅವಳ ದೊಡ್ಡಪ್ಪ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಎರಡು ಕನ್ನಡಕ ಇಟ್ಟುಕೊಂಡಿದ್ದಾನೆ, ಒಂದು ದೂರಕ್ಕೆ, ಒಂದು ಕಂಪ್ಯೂಟರಿಗೆ ಎಂದು ಅವಳಿಗೆ ಹೇಳು, ನಗುತ್ತಾಳೆ. ಇಲ್ಲಿ ನಿನ್ನ ಅತ್ತಿಗೆ ಶಿವಕಾಂತಾ ಆರಾಮ ಇದ್ದಾಳೆ. ದೀಪಾವಳಿಯ ಕರ್ಚಿಕಾಯಿ ಇನ್ನೂ ಒಂದು ಡಬ್ಬಿ ಉಳಿದಿದೆ, ಯಾರಿಗೂ ಕೊಡುವುದಿಲ್ಲ, ಮುಚ್ಚಿಟ್ಟಿದ್ದಾಳೆ. ಯಾರಿಗಾಗಿ ಎಂದು ನಾನು ಕೇಳಿಲ್ಲ.

ಎರಡು ವರ್ಷದಿಂದ ನನ್ನ ಪತ್ರಗಳಿಗೆ ನಿನ್ನ ಉತ್ತರ ಇಲ್ಲ. ಇದಕ್ಕೆ ಮಾತ್ರ ಉತ್ತರ ಬೇಕೇ ಬೇಕು. ಯಾಕೆ ಎಂದು ಹೇಳುವ ಮೊದಲು ನಡೆದದ್ದನ್ನೆಲ್ಲ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದೀತು. ಅಷ್ಟು ಹುರುಪು ಬಂದಿದೆ ನನಗೆ.

ನಾವಿಬ್ಬರೂ ಮಾಡುತ್ತಿದ್ದ ಲಾರಿ ಪೇಂಟಿಂಗ್ ಬಿಟ್ಟು ನಾನು ಪಂಢರಿನಾಥನ ಫ್ಲೆಕ್ಸ್ ಅಂಗಡಿಗೆ ಸೇರಿದ ದಿನ ನೀನು ಊಟ ಮಾಡದೆ ಎದ್ದು ಹೋದವನು, ಆಮೇಲಿನದು ನಿನಗೆ ಗೊತ್ತಿಲ್ಲ. ಅಲ್ಲಿ ನನಗೆ ಕೊಟ್ಟ ಕೆಲಸ ಹಗ್ಗ ಕಟ್ಟಲು ಬ್ಯಾನರಿನ ಅಂಚಿಗೆ ತೂತು ಹೊಡೆಯುವುದು. ಮಧ್ಯಾಹ್ನ ಹುಡುಗರು ಊಟಕ್ಕೆ ಹೋದಾಗ ಕಂಪ್ಯೂಟರು ಸುಮ್ಮನೆ ಕೂತಿರುತ್ತಿತ್ತು, ನಾನು ಅದರ ಮುಂದೆ ಕೂತೆ. ಮೌಸು ಮೊದಲು ಒದ್ದೆ ಸಾಬೂನಿನ ಹಾಗೆ ಜಾರುತ್ತಿತ್ತು. ನಿಧಾನಕ್ಕೆ ತಿಳಿಯಿತು, ಈ ಫೋಟೋಶಾಪ್ ಎನ್ನುವುದು ಗಾಜಿನ ಮೇಲೆ ಗಾಜು ಇಟ್ಟು ಬಣ್ಣ ಬಳಿದ ಹಾಗೆ. ಕೆಳಗಿನ ಗಾಜಿನ ಮೇಲೆ ಆಕಾಶ, ಅದರ ಮೇಲೆ ಗುಡ್ಡ, ಅದರ ಮೇಲೆ ಲಾರಿ. ಲಾರಿ ತಪ್ಪಿದರೆ ಲಾರಿಯ ಗಾಜನ್ನಷ್ಟೇ ಎತ್ತಿ ಒಗೆಯಬಹುದು, ಆಕಾಶಕ್ಕೆ ಏನೂ ಆಗುವುದಿಲ್ಲ. ನಾವು ಎಷ್ಟು ಆಕಾಶಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿದ್ದೆವು, ನೆನಪಿದೆಯೇ?

ಹೋದ ತಿಂಗಳು ಹರಿಶ್ಚಂದ್ರ ಎನ್ನುವವರು ಅಂಗಡಿಗೆ ಬಂದರು. ಕುಂದಾಪುರದ ಕಡೆಯವರು, ಇಲ್ಲೇ ಕೋಥರೂಡದಲ್ಲಿ ಅವರ ಉಡುಪಿ ಹೋಟೆಲು. ಅವರ ತಂದೆ ಹಿಂದೆ ಸೋಲಾಪುರ ರಸ್ತೆಯಲ್ಲಿ ಲಾರಿ ಡ್ರೈವರುಗಳಿಗೆ ಊಟ ಹಾಕುತ್ತಿದ್ದರಂತೆ. ಅದಕ್ಕೆ ಇವರಿಗೆ ಹಳೆಯ ಗುಂಡುಮೂತಿಯ ಲಾರಿಗಳೆಂದರೆ ಪ್ರಾಣ. ನಿಜವಾದ ಲಾರಿಯ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನ ಅಳತೆಗೆ ಕಟ್ಟಿಗೆಯ ತುಂಡುಗಳನ್ನು ಕತ್ತರಿಸಿ, ಪೆಟ್ಟಿಗೆಯಲ್ಲಿ ಹಾಕಿ ಕೊಡುತ್ತಾರೆ. ತೆಗೆದುಕೊಂಡವರು ಮನೆಯಲ್ಲಿ ಕೂತು ಜೋಡಿಸಬೇಕು. ಅಂಥ ಇನ್ನೂರು ಪೆಟ್ಟಿಗೆ ಜನವರಿಯ ಪ್ರದರ್ಶನಕ್ಕೆ ತಯಾರಾಗುತ್ತಿವೆ. ಆ ಲಾರಿಗೆ ‘ಘಾಟರಾಣಿ’ ಎಂದು ಹೆಸರಿಟ್ಟಿದ್ದಾರೆ. ಮುಚ್ಚಳದ ಮೇಲಿನ ಚಿತ್ರ ಮಾತ್ರ ಮೂವತ್ತು-ನಲವತ್ತು ವರ್ಷ ಹಿಂದಿನದರ ಹಾಗೆ ಇರಬೇಕು ಎಂದರು. ತಾವು ಚಿಕ್ಕವರಿದ್ದಾಗಿನ ಮೂರು ಹಳೆಯ ಆಟಿಕೆ ಪೆಟ್ಟಿಗೆಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಧರ್ಮಾ, ಆ ಚಿತ್ರಗಳನ್ನು ನೀನು ನೋಡಬೇಕಿತ್ತು! ವಿಮಾನ ಚಿತ್ರದ ಚೌಕಟ್ಟು ಹರಿದುಕೊಂಡು ಹೊರಗೆ ಬರುತ್ತಿದೆ, ಮೋಡ ಕಿತ್ತಳೆ ಬಣ್ಣದ್ದು, ಆಗಿನ ಅಚ್ಚಿನಲ್ಲಿ ಆಗುತ್ತಿದ್ದ ಹಾಗೆ ಕೆಂಪು ಬಣ್ಣ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ.

ಅಂಗಡಿಯ ಹುಡುಗರು ಲಾರಿಯ ಫೋಟೋ ಹಾಕಿ, ಹೊಳಪು ಕೊಟ್ಟು, ಒಂದು ತಾಸಿನಲ್ಲಿ ಮಾಡಿ ತೋರಿಸಿದರು. ಹರಿಶ್ಚಂದ್ರರು ನೋಡಿ, ಇದು ಕೆಮ್ಮಿನ ಔಷಧಿಯ ಜಾಹೀರಾತಿನ ಹಾಗೆ ಇದೆ ಎಂದರು. ಆಗ ನಾನು ತೂತು ಹೊಡೆಯುವುದನ್ನು ಬಿಟ್ಟು ಎದ್ದು, ನನಗೆ ಎಂಟು ದಿನ ಕೊಡಿ ಎಂದೆ. ಹುಡುಗರು ನಕ್ಕರು. ಪಂಢರಿನಾಥ ನಗಲಿಲ್ಲ.

ನಾವು ಹಡಪಸರದ ಲಾರಿ ಅಡ್ಡೆಯಲ್ಲಿದ್ದಾಗ ಸರ್ದಾರಜಿಯ ಹೊಸ ಲಾರಿ ಮುಗಿಸಿ ಫೋಟೋ ತೆಗೆಸಿದ್ದೆವಲ್ಲ, ಎಂಬತ್ತಾರರದ್ದು, ಅದನ್ನು ಟ್ರಂಕಿನಿಂದ ತೆಗೆದು ಸ್ಕ್ಯಾನ್ ಮಾಡಿದೆ. ಮೊದಲು ಲಾರಿಯನ್ನು ಸ್ವಲ್ಪ ಓರೆ ಮಾಡಿ, ಮೂತಿಯನ್ನು ದೊಡ್ಡದು ಮಾಡಿದೆ. ಘಾಟಿನ ತಿರುವಿನಿಂದ ಈಗಷ್ಟೇ ನುಗ್ಗಿದ ಹಾಗೆ. ಆದರೂ ಅದು ಫೋಟೋ ಆಗಿಯೇ ಉಳಿಯಿತು. ಮೂರು ದಿನ ಒದ್ದಾಡಿದೆ. ನಾಲ್ಕನೆಯ ದಿನ ಹೊಳೆಯಿತು: ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಬಣ್ಣ ಇವೆ, ನಮ್ಮ ಹತ್ತಿರ ಇದ್ದದ್ದು ಏಳು ಡಬ್ಬಿ! ಏಳೇ ಬಣ್ಣ ಇಟ್ಟುಕೊಂಡು ಉಳಿದದ್ದನ್ನೆಲ್ಲ ತೆಗೆದುಹಾಕಿದೆ. ಮೊದಲು ಕಪ್ಪು ನೆರಳು, ಆಮೇಲೆ ನಡುವಿನ ಬಣ್ಣ, ಕೊನೆಗೆ ಬಾನೆಟ್ಟಿನ ಮೇಲೆ ಒಂದೇ ಎಳೆತದ ಬಿಳಿ. ನಾವು ಹಾಕುತ್ತಿದ್ದ ಕ್ರಮದಲ್ಲೇ. ಗಾಲಿಯ ಹಿಂದೆ ಹಳದಿ ಧೂಳು ಎಬ್ಬಿಸಿದೆ. ಕೆಂಪಿನ ಪದರನ್ನು ಬೇಕೆಂದೇ ಒಂದು ಚೂರು ಸರಿಸಿದೆ. ಕಾಗದಕ್ಕೆ ಚಹಾ ಬಣ್ಣ ಕೊಟ್ಟು, ಮೂಲೆಗಳನ್ನು ಸವೆಸಿದೆ. ಆಮೇಲೆ ಹಳೆಯ ಚಟದಂತೆ ಎದ್ದು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ರಸ್ತೆಯಲ್ಲಿ ನಿಂತು ನೋಡಿದೆ. ಒಬ್ಬ ಸ್ಕೂಟರಿನವನು ಮರಾಠಿಯಲ್ಲಿ ಬೈದ. ಅಂಗೈಯಲ್ಲಿ ಹಿಡಿದು ನೋಡುವ ಪೆಟ್ಟಿಗೆಯನ್ನು ರಸ್ತೆಯಿಂದ ನೋಡುವ ಮುದುಕ ನಾನೊಬ್ಬನೇ ಇರಬೇಕು.

ಆದರೆ ನಾನೊಂದು ತಪ್ಪು ಮಾಡಿದ್ದೆ. ನೀನು ಇದ್ದಿದ್ದರೂ ಅದನ್ನೇ ಮಾಡುತ್ತಿದ್ದೆ. ಬೋಳು ಲಾರಿಯನ್ನು ನಾವು ಅಡ್ಡೆಯಿಂದ ಎಂದಾದರೂ ಹೊರಗೆ ಬಿಟ್ಟಿದ್ದೇವೆಯೇ? ಕೈ ತಾನಾಗಿಯೇ ಹೋಯಿತು. ಮುಂದೆ ನಿಂಬೆಹಣ್ಣು-ಮೆಣಸಿನಕಾಯಿ, ಕನ್ನಡಿಗೆ ಕಪ್ಪು ಗೊಂಡೆ, ಬಾಗಿಲಿಗೆ ನವಿಲು, ಪಕ್ಕದ ಹಲಗೆಗೆ ಕಮಲದ ಬಳ್ಳಿ. ಹರಿಶ್ಚಂದ್ರರು ನಮೂನೆಗೆಂದು ಅಚ್ಚು ತೆಗೆದ ಮುಚ್ಚಳವನ್ನು ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು. ಕಣ್ಣು ತುಂಬಿತ್ತು, ಸುಳ್ಳಲ್ಲ. ಆಮೇಲೆ ಮೆಲ್ಲಗೆ ಕೇಳಿದರು: “ಚಿತ್ರ ಭಾರೀ ಚೆಂದ ಉಂಟು ಮಾರಾಯ್ರೆ. ಆದರೆ ಪೆಟ್ಟಿಗೆ ಮೇಲೆ ಇದ್ದದ್ದು ಒಳಗೂ ಇರಬೇಕಲ್ಲ. ಇನ್ನೂರು ನವಿಲು ನಾನು ಎಲ್ಲಿಂದ ತರುವುದು?” ಒಳಗೆ ಇರುವುದು ಬರೀ ಕಟ್ಟಿಗೆಯ ತುಂಡು. ತೆಗೆದುಕೊಂಡವರು ನವಿಲು ಎಲ್ಲಿ ಎಂದು ಜಗಳಕ್ಕೆ ಬರುತ್ತಾರೆ. ನಾನೂ ಬಿಡಲಿಲ್ಲ. “ಬೋಳು ಲಾರಿ ಘಾಟ ಹತ್ತಂಗಿಲ್ರಿ,” ಎಂದೆ. ಅವರು ಮುಚ್ಚಳ ತೆಗೆದುಕೊಂಡು ಹೊರಟೇಹೋದರು. ಕೆಲಸ ಕೈಬಿಟ್ಟಿತು ಎಂದುಕೊಂಡೆ.

ಮರುದಿನ ಹೋಟೆಲು ತೆರೆಯುವ ಮೊದಲೇ ಬಂದರು. ನವಿಲು ಇರಲಿ, ಕಮಲವೂ ಇರಲಿ, ಅವುಗಳನ್ನು ತೆಳ್ಳಗಿನ ಹಾಳೆಯ ಮೇಲೆ ಸಣ್ಣದಾಗಿ ಅಚ್ಚು ಹಾಕಿ ಪೆಟ್ಟಿಗೆಯೊಳಗೆ ಇಡುವ ಎಂದರು. ನೀರಿನಲ್ಲಿ ಅದ್ದಿದರೆ ಚಿತ್ರ ಕಾಗದದಿಂದ ಜಾರುತ್ತದೆ, ಅದನ್ನು ಲಾರಿಯ ಮೇಲೆ ಕೂರಿಸುವುದು. ಅಂದರೆ ಇನ್ನು ಇನ್ನೂರು ಮನೆಗಳಲ್ಲಿ ಜನ ಕೂತು ಲಾರಿಗೆ ಶೃಂಗಾರ ಮಾಡುತ್ತಾರೆ ಧರ್ಮಾ, ನಾವು ಮಾಡುತ್ತಿದ್ದ ಹಾಗೆ! ಆ ದಿನ ನಾನು ಊಟ ಮಾಡಿದ್ದು ಶಿವಕಾಂತಾ ನೆನಪು ಮಾಡಿದ ಮೇಲೆ.

ಈಗ ಅಕ್ಷರದ ಮಾತು. ಒಳಗಿನ ಹಾಳೆಗೆ ಹಿಂದಿನ ಹಲಗೆಯ ‘ಹಾರ್ನ್ ಓಕೆ ಪ್ಲೀಸ್’, ಮುಚ್ಚಳದ ಚಿತ್ರಕ್ಕೆ ನೆತ್ತಿಯ ಮೇಲಿನ ಲಾರಿಯ ಹೆಸರು, ಇವನ್ನು ಕಂಪ್ಯೂಟರಿನ ಅಕ್ಷರದಲ್ಲಿ ಹಾಕಿ ನೋಡಿದೆ. ಬ್ಯಾಂಕಿನಲ್ಲಿ ಸಾಲಾಗಿ ಕೂತ ಗುಮಾಸ್ತರ ಹಾಗೆ ಕಂಡವು. ನಾನೇ ಬರೆದು ನೋಡಿದೆ. ನನ್ನ ಅಕ್ಷರ ಹೇಗೆ ಎಂದು ನಿನಗೆ ಗೊತ್ತು. ನಾನು ನವಿಲಿನವನು. ಕೊನೆಗೆ ಆ ಹಳೆಯ ಫೋಟೋದ ಅಕ್ಷರಗಳನ್ನೇ ದೊಡ್ಡದು ಮಾಡುತ್ತ ಹೋದೆ. ಪರದೆ ತುಂಬ ಒಂದೇ ಅಕ್ಷರ ಬಂದಾಗ ಅದರ ತುದಿಯಲ್ಲಿ ಬ್ರಷ್ಷು ಎತ್ತುವಾಗಿನ ಆ ಚಿಕ್ಕ ಬಾಲ ಕಂಡಿತು. ನಿನ್ನ ಕೈ. ಹದಿನೆಂಟು ವರ್ಷದ ಮೇಲೂ ಹಸಿಯಾಗಿ ಇದ್ದ ಹಾಗಿತ್ತು. ಆ ಅಕ್ಷರಗಳನ್ನೇ ಕತ್ತರಿಸಿ, ಜೋಡಿಸಿ ಹೆಸರು ಮಾಡಿ ಚಿತ್ರದಲ್ಲಿ ಇಟ್ಟೆ. ಹರಿಶ್ಚಂದ್ರರು ಇದನ್ನು ಬರೆದದ್ದು ಯಾರು ಎಂದು ಕೇಳಿದರು. ನಾನು ಥಟ್ಟನೆ ನಮ್ಮದೇ ಎಂದುಬಿಟ್ಟೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಆ ‘ನಮ್ಮದೇ’ ಎನ್ನುವ ಮಾತು ಮತ್ತೆ ಮತ್ತೆ ಕೇಳಿಸಿತು. ನೀನು ಎದ್ದು ಹೋದ ದಿನ ಹೇಳಿದ್ದು ನೆನಪಾಯಿತು. “ಇಪ್ಪತ್ತು ವರ್ಷ ಅಕ್ಷರ ನಾ ಬರದೆ, ಕೆಳಗ ‘ಸಿದ್ದು ಆರ್ಟ್ಸ್’ ಅಂತ ನಿನ್ನ ಹೆಸರು ಹಾಕ್ದಿ. ನುಂಗ್ಕೊಂಡೆ. ಈಗ ಮಷೀನ್ ಬರೀತದ. ಇನ್ನ ನನ್ನದೇನ್ ಕೆಲಸ ಇಲ್ಲಿ?” ನಾನು ಎರಡು ವರ್ಷ ನಿನಗೆ ಸಿಟ್ಟು ಬಂದದ್ದು ಮಷೀನಿನ ಮೇಲೆ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದೆ. ಮೊದಲಿನ ಅರ್ಧವನ್ನು ಯಾರಿಗೂ ಹೇಳಲಿಲ್ಲ. ಶಿವಕಾಂತಾಗೂ ಹೇಳಿರಲಿಲ್ಲ. ಆ ದಿನ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತದೆ ಅಂದಳು: “ನನಗ ಮೊದಲೇ ಗೊತ್ತಿತ್ರಿ. ನೀವು ಯಾವಾಗ ಹೇಳ್ತೀರಿ ಅಂತ ಕಾಯ್ಕೋತ ಕುಂತಿದ್ದೆ.”

ಬೆಳಿಗ್ಗೆ ಎದ್ದವನೇ ಹೋಟೆಲಿಗೆ ಹೋಗಿ ಹರಿಶ್ಚಂದ್ರರಿಗೆ, ಅಕ್ಷರ ನಮ್ಮದಲ್ಲ, ನನ್ನ ತಮ್ಮಂದು, ಅವನನ್ನು ಕೇಳದೆ ತೆಗೆದುಕೊಂಡಿದ್ದೇನೆ ಎಂದು ಹೇಳಿದೆ. ಹಗುರಾಯಿತು. ಅವರು ಒಂದು ಲೋಟ ಕಾಫಿ ಮುಂದಿಟ್ಟು, ಹಾಗಾದರೆ ಈಗ ತಮ್ಮನನ್ನೇ ಕೇಳಿ ಎಂದರು. ಅಷ್ಟೇ.

ಪಕ್ಕದ ಮನೆಯವರ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನೀನು ಹೋದ ವಾರ ಮತ್ತೆ ಬ್ರಷ್ಷು ಹಿಡಿದು ಹೆಸರು ಬರೆದುಕೊಟ್ಟೆಯಂತೆ, ಅವ್ವ ಹೇಳಿದಳು. ಕೇಳಿ ನನಗೆ ಎಷ್ಟು ಖುಷಿಯಾಯಿತು ಎಂದು ಬರೆಯಲು ಬರುವುದಿಲ್ಲ. ಅವ್ವನಿಗೆ ನನ್ನ ಸಾಷ್ಟಾಂಗ. ಭಾಮಾಗೂ ಆರತಿಗೂ ಆಶೀರ್ವಾದ. ಬೆನ್ನಿಗೆ ಬಿಸಿ ಇಟ್ಟಿಗೆಯ ಶಾಖ ಕೊಡಿಸಿಕೋ, ಅಸಡ್ಡೆ ಮಾಡಬೇಡ.

ನಿನ್ನ ಅಣ್ಣ,
ಸಿದ್ದಲಿಂಗಪ್ಪ

ತಾ.ಕ.: ಸೋಮವಾರ ಬೆಳಿಗ್ಗೆ. ಪೋಸ್ಟ್ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಡಿಸೆಂಬರ್ ಎಂಟಕ್ಕೆ ಮುಚ್ಚಳ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನಿನ್ನ ಒಪ್ಪಿಗೆ ಬರದಿದ್ದರೆ ಅಕ್ಷರಗಳನ್ನು ತೆಗೆದುಬಿಡುತ್ತೇನೆ, ಲಾರಿ ಹೆಸರಿಲ್ಲದೆ ಹೋಗಲಿ. ಒಪ್ಪುವುದಾದರೆ ಚಿತ್ರದ ಕೆಳಗೆ ಬಲಮೂಲೆಯಲ್ಲಿ ಒಂದೂವರೆ ಇಂಚು ಜಾಗ ಬಿಟ್ಟಿದ್ದೇನೆ, ನಿನ್ನ ಹೆಸರಿಗೆ. ನನ್ನದು ಅಲ್ಲಿ ಇಲ್ಲ. ಫೋಟೋದ ಅಕ್ಷರಗಳನ್ನೇ ಕತ್ತರಿಸಿ ಜೋಡಿಸಿ ನಿನ್ನ ಹೆಸರು ಮಾಡಬಹುದಿತ್ತು, ಐದು ನಿಮಿಷದ ಕೆಲಸ, ಮನಸ್ಸು ಬರಲಿಲ್ಲ. ನೀನೇ ಬಿಳಿ ಕಾಗದದ ಮೇಲೆ ಬರೆದು ಕಳಿಸು. ಒಲ್ಲೆ ಅನ್ನುವುದಾದರೆ ಆ ಒಲ್ಲೆಯನ್ನಾದರೂ ಬ್ರಷ್ಷಿನಲ್ಲೇ ಬರೆದು ಕಳಿಸು, ನೋಡುತ್ತೇನೆ. ಬೇಗ ಬರಿ.