ಹಾದಿಮನಿ ಬಾಲಚುಕ್ಕಿ ಮರಳಿ ಬಂದ ಸಂಜೆ

ಮುಂಡರಗಿ
ಮಬ್ಬು ವರ್ಷ ೧೨೪, ನೆರಳುಗಾಲದ ಮೂರನೆಯ ವಾರ
(ನಿಮ್ಮ ಪಂಚಾಂಗದ ಪ್ರಕಾರ ೨೨೪೩ನೆಯ ಇಸವಿ)

ಕಸ್ತೂರೆವ್ವ ಹಾದಿಮನಿ ಅವರಿಗೆ, ರುದ್ರವ್ವ ಬಳಿಗಾರ ಮಾಡುವ ಶರಣು.

ಮೇಲಿನ ದಿನಾಂಕ ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ನೋಟುಬುಕ್ಕಿನಿಂದ. ನೀವು ಬಳಸದ ಪದ ಬಂದಾಗ ಅಲ್ಲೇ ಬಿಡಿಸಿ ಹೇಳುತ್ತೇನೆ. ನೀವು ನನಗಿಂತ ಐದು ವರ್ಷ ಚಿಕ್ಕವರು, ಇನ್ನೂರು ವರ್ಷ ಹಿರಿಯರು. ಹಾಗಾಗಿ ಹೇಗೆ ಕರೆಯಬೇಕೆಂದು ತಿಳಿಯದೆ ಬರಿಯ ಹೆಸರಿನಿಂದಲೇ ಕರೆದಿದ್ದೇನೆ.

ನೀವು ಇದೇ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸಿದವರು. ಸಂಜೆ ಗಿರಣಿಯ ಬಾಗಿಲು ಹಾಕಿ, ಆರು ಇಂಚು ಅಗಲದ ಗಾಜಿನ ದುರ್ಬೀನನ್ನು ಮಾಳಿಗೆಗೆ ಹೊತ್ತು, ಸೂರ್ಯ ಮುಳುಗಿದ ದಿಕ್ಕಿನಲ್ಲಿ ಹೊಸ ಬಾಲಚುಕ್ಕಿ ಹುಡುಕುತ್ತಿದ್ದವರು. ಆ ಹುಡುಕಾಟವನ್ನು ಸಂಜೆ ಸಂಜೆಯೂ ಬರೆದಿಟ್ಟ ನಿಮ್ಮ ನೋಟುಬುಕ್ಕು ಈಗ ನನ್ನ ಮೇಜಿನ ಮೇಲಿದೆ. ಅದರ ಹೊಲಿಗೆಯ ಸಂದಿಯಲ್ಲಿ ಇವತ್ತಿಗೂ ಜೋಳದ ಹಿಟ್ಟು ಕೂತಿದೆ. ಅದನ್ನು ಯಾರೂ ಕೊಡವಿಲ್ಲ, ನಾನೂ ಕೊಡವಲಿಲ್ಲ.

ನಮ್ಮ ಆಕಾಶದ ಬಗ್ಗೆ ಹೇಳದೆ ಮುಂದೆ ಹೋಗಲಾಗುವುದಿಲ್ಲ. ಭೂಮಿಯ ಬಿಸಿ ತಡೆಯಲಾಗದೆ ನಮ್ಮ ಹಿರಿಯರು ಬಹಳ ಎತ್ತರದಲ್ಲಿ ಒಂದು ಸಣ್ಣ ಪುಡಿಯನ್ನು ಹರಡಿದರು, ಈಗಲೂ ಹರಡುತ್ತಲೇ ಇದ್ದಾರೆ. ಅದಕ್ಕೆ ನಾವು ಮಬ್ಬು ಎನ್ನುತ್ತೇವೆ. ವರ್ಷವನ್ನೂ ಅದರಿಂದಲೇ ಎಣಿಸುತ್ತೇವೆ. ಮಬ್ಬಿನಿಂದ ನಾವು ಬದುಕಿದ್ದೇವೆ, ಅದನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಬೆಳಗಿನ ನಾಲ್ಕಕ್ಕೆ ಊರು ಎದ್ದು ಹೊಲಕ್ಕೆ, ಕಚೇರಿಗೆ, ಶಾಲೆಗೆ ಹೋಗುತ್ತದೆ. ಹತ್ತರಿಂದ ನಾಲ್ಕರವರೆಗೆ ಎಲ್ಲ ಬಾಗಿಲು ಮುಚ್ಚಿರುತ್ತವೆ. ವರ್ಷದಲ್ಲಿ ತೀರಾ ಬಿಸಿಯಾದ ಎರಡು ತಿಂಗಳನ್ನು ನೆರಳುಗಾಲ ಎನ್ನುತ್ತೇವೆ, ಆಗ ಬೀದಿಗಳಿಗೆ ಅಡ್ಡಲಾಗಿ ಬಟ್ಟೆ ಕಟ್ಟುತ್ತೇವೆ. ಆ ಬಟ್ಟೆ ಹೊಲಿಯುವುದೇ ನನ್ನ ಕೆಲಸ. ಜೋಳದ ರೊಟ್ಟಿ ಹಾಗೇ ಇದೆ, ಪುಂಡಿಪಲ್ಲೆ ಹಾಗೇ ಇದೆ. ಹಗಲಿನ ಆಕಾಶ ಮಾತ್ರ ಮಜ್ಜಿಗೆಯ ಬಣ್ಣದ್ದು. ರಾತ್ರಿ ನಮಗೆ ಕಾಣುವುದು ಹನ್ನೊಂದು ಚುಕ್ಕಿಗಳು. ಅವುಗಳನ್ನು "ಉಳಿದವರು" ಎಂದು ಕರೆಯುತ್ತೇವೆ. ಚಂದ್ರ ಇದ್ದಾನೆ, ಒದ್ದೆ ಗೋಡೆಯ ಮೇಲಿನ ಕಲೆಯ ಹಾಗೆ.

ಇಂಥ ಆಕಾಶದ ಕೆಳಗೆ ಬಾಲಚುಕ್ಕಿ ಹುಡುಕುವುದನ್ನು ಕಲಿಸುವವರೊಬ್ಬರಿದ್ದರು. ಹೆಸರು ಹುಸೇನಬಿ. ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು, ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಶನಿವಾರ ಸಂಜೆ ಬಂದ ಮಕ್ಕಳನ್ನು ಶಾಲೆಯ ಮಾಳಿಗೆಗೆ ಹತ್ತಿಸಿ, ನಿಮ್ಮ ನೋಟುಬುಕ್ಕು ತೆರೆದಿಟ್ಟು, ನೀವು ಬರೆದಂತೆಯೇ "ಗುಡಿಸುವುದನ್ನು" ಕಲಿಸುತ್ತಿದ್ದರು. ಬಾನಂಚಿನಿಂದ ಶುರು ಮಾಡಿ ದುರ್ಬೀನನ್ನು ಎಡದಿಂದ ಬಲಕ್ಕೆ ನಿಧಾನ ಸರಿಸುವುದು, ಅರ್ಧ ಅಗಲ ಮೇಲೇರಿಸುವುದು, ಮತ್ತೆ ಬಲದಿಂದ ಎಡಕ್ಕೆ. ಅಂಗಳದ ಕಸ ಬಿಡದೆ ಗುಡಿಸಿದ ಹಾಗೆ. ನನಗೆ ಆಗ ಒಂಬತ್ತು ವರ್ಷ. ಬೇರೆ ಮಕ್ಕಳು ಎರಡು ಶನಿವಾರಕ್ಕೆ ಬೇಸತ್ತು ಬಿಟ್ಟರು. ನಾನು ಬಿಡಲಿಲ್ಲ. ನಲವತ್ತೆರಡು ವರ್ಷ ಇಬ್ಬರೂ ಸೇರಿ ಖಾಲಿ ಮಬ್ಬನ್ನು ಗುಡಿಸಿದೆವು.

ಏಕೆ ಎಂದು ಊರವರು ಕೇಳುತ್ತಿದ್ದರು. ನಮ್ಮ ಕಾಲದಲ್ಲಿ ಬಾಲಚುಕ್ಕಿಗಳನ್ನು ಮನುಷ್ಯರು ಕಂಡುಹಿಡಿಯುವುದಿಲ್ಲ. ಮಬ್ಬಿನ ಆಚೆ ತಿರುಗುವ ಯಂತ್ರಗಳಿವೆ, ಅವನ್ನು ಕಾವಲುಗಣ್ಣು ಎನ್ನುತ್ತೇವೆ. ಬಾಲಚುಕ್ಕಿ ಇನ್ನೂ ಬಾಲವಿಲ್ಲದ ಹಿಮದ ಉಂಡೆಯಾಗಿ ದೂರದಲ್ಲಿರುವಾಗಲೇ ಅವು ನೋಡಿ, ಸಂಖ್ಯೆ ಕೊಟ್ಟು, ದಾರಿ ಬರೆದುಬಿಡುತ್ತವೆ. ಅವು ಹೇಳಿದ್ದರಿಂದಲೇ ನಮಗೂ ತಿಳಿದದ್ದು: ಇನ್ನೂರ ಹದಿನಾಲ್ಕು ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವ ನೀವು ಕಂಡುಹಿಡಿದ, ನಿಮ್ಮ ಹೆಸರಿನ ಬಾಲಚುಕ್ಕಿ, ಹಾದಿಮನಿ, ಹೋದ ವರ್ಷ ಮರಳಲಿತ್ತು. ನಮ್ಮ ನೆಲದಿಂದ ಕಾಣುವುದಿಲ್ಲ ಎಂದೂ ಅವೇ ಹೇಳಿದವು.

ಕಾಣಲು ಇದ್ದದ್ದು ಒಂದೇ ದಾರಿ. ಕಪ್ಪತಗುಡ್ಡದ ತಪ್ಪಲಿನಿಂದ ದಿನವೂ ಒಂದು ಏರುಗೂಡು ಮೇಲೆ ಹೋಗುತ್ತದೆ. ದೊಡ್ಡ ಬಲೂನಿಗೆ ಕಟ್ಟಿದ, ಗಾಜಿನ ಕಿಟಕಿಯ ಸಣ್ಣ ಕೋಣೆ ಅದು. ಮಬ್ಬಿನ ದಪ್ಪ ಅಳೆಯಲು ಅದರ ಮೇಲಿನವರೆಗೂ ಏರುತ್ತದೆ. ನಡೆಸುವವರ ಪಕ್ಕ ಒಂದು ಕುರ್ಚಿ ಇರುತ್ತದೆ. ವರ್ಷಕ್ಕೊಮ್ಮೆ, ಒಂದು ಸಂಜೆ, ಆ ಕುರ್ಚಿ ಊರಿನ ಒಬ್ಬರಿಗೆ. ಹೆಸರು ಬರೆದ ಚೀಟಿ ಎತ್ತುತ್ತಾರೆ. ಒಮ್ಮೆ ಬಂದ ಹೆಸರು ಮತ್ತೆ ಬರುವಂತಿಲ್ಲ. ಅಕ್ಕೋರು ಮೂವತ್ತೊಂದು ವರ್ಷ ಬಿಡದೆ ಹೆಸರು ಹಾಕಿದ್ದರು. ಬಾಲಚುಕ್ಕಿಯ ವರ್ಷ ಚೀಟಿಯಲ್ಲಿ ಬಂದದ್ದು ನನ್ನ ಹೆಸರು.

ಕಸ್ತೂರೆವ್ವ, ನಾನು ಆರು ದಿನ ಅವರಿಗೆ ಹೇಳಲಿಲ್ಲ. ಹೇಳಲು ಹೋಗಿ ಅವರ ಬೀದಿಯ ತಿರುವಿನಿಂದ ಎರಡು ಸಲ ಹಿಂದಕ್ಕೆ ಬಂದೆ. ಹೇಳಿದರೆ ಕುರ್ಚಿ ಬಿಟ್ಟುಕೊಡಬೇಕಾಗುತ್ತದೆ ಎಂಬ ಭಯ. ಚೀಟಿ ಬಂದವರು ಕುರ್ಚಿಯನ್ನು ಬೇರೊಬ್ಬರಿಗೆ ಬರೆದು ಕೊಡಬಹುದು ಎಂಬ ನಿಯಮ ಇತ್ತು, ಅದನ್ನು ನಾನು ಓದಿದ್ದೆ. ಆರು ದಿನವೂ ಬಟ್ಟೆ ಹೊಲಿಯುತ್ತಾ ಆ ನಿಯಮ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಯೋಚಿಸಿದೆ. ಏಳನೆಯ ದಿನ ಹೋದೆ. ಅವರು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು.

"ಅಕ್ಕೋರ, ಚೀಟ್ಯಾಗ ನನ್ನ ಹೆಸರು ಬಂದೈತ್ರಿ."

"ಯಾವಾಗ ಬಂತು?"

"ಆರು ದಿನ ಆತ್ರಿ."

ತಟ್ಟುವ ಕೈ ನಿಲ್ಲಲಿಲ್ಲ. "ಛಲೋ ಆತು. ಹೋಗಿ ಬಾ. ಹೋಗೂ ಮುಂದ ಒಂದು ತಾಸು ಕಣ್ಣು ಕಟ್ಕೊಂಡು ಕುಂದ್ರು, ಕತ್ತಲಿ ರೂಢಿ ಆಗಬೇಕು."

"ನೀವ ಹೋಗ್ರಿ. ನಾ ಬರದು ಕೊಡ್ತೀನಿ."

"ಹುಚ್ಚಿ ಅದಿಯೇನ? ಎಪ್ಪತ್ತೆಂಟು ವರ್ಷದ ಮುದುಕಿ ಮ್ಯಾಲ ಹೋಗಿ ಏನ್ ಮಾಡ್ಲಿ? ನನಗ ಬ್ಯಾಡ."

ಆ ಮಾತು ಕೇಳಿ ನನಗೆ ಆದದ್ದು ಸಂತೋಷ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಎರಡನೆಯ ಸಲ ಒತ್ತಾಯ ಮಾಡಲಿಲ್ಲ. ಬಿಸಿ ರೊಟ್ಟಿ ತಿಂದು ಮನೆಗೆ ಬಂದೆ, ದಾರಿಯುದ್ದಕ್ಕೂ ಹಗುರಾಗಿ ನಡೆದೆ. ಮರುದಿನ ಬೆಳಿಗ್ಗೆ, ಊರು ಏಳುವ ಹೊತ್ತಿಗೆ, ಅಕ್ಕೋರು ನನ್ನ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ನಿನ್ನಿ ನಾ ಸುಳ್ಳ ಹೇಳಿದೆ ರುದ್ರವ್ವ. ನನಗ ಹೋಗಬೇಕೈತಿ. ಭಾಳ ಹೋಗಬೇಕೈತಿ. ನೀ ಕೊಡದಿದ್ರ ನನಗೇನೂ ಸಿಟ್ಟಿಲ್ಲ, ಆಣೆ ಮಾಡ್ತೀನಿ. ಆದ್ರ ಸುಳ್ಳ ಹೇಳಿ ಸುಮ್ಮನ ಕುಂದ್ರಾಕ ಆಗವಲ್ದು."

ನಲವತ್ತೆರಡು ವರ್ಷದಲ್ಲಿ ಅವರು ನನ್ನಿಂದ ಏನನ್ನೂ ಬೇಡಿರಲಿಲ್ಲ. ನಾನು ಅವತ್ತೇ ಬರೆದುಕೊಟ್ಟೆ. ದೊಡ್ಡ ಮನಸ್ಸಿನಿಂದ ಕೊಟ್ಟೆ ಎಂದು ಊರವರು ಹೊಗಳಿದರು. ಕೊಡುವಾಗ ನನ್ನ ಮನಸ್ಸು ಎಷ್ಟು ಸಣ್ಣದಾಗಿತ್ತು ಎಂಬುದು ಅಕ್ಕೋರಿಗೆ ಗೊತ್ತಿತ್ತು. ಅವರು ಹೊಗಳಲಿಲ್ಲ, ನನ್ನ ಕೈ ಹಿಡಿದುಕೊಂಡರು.

ಆ ಸಂಜೆ ಏರುಗೂಡು ನಡೆಸಿದವಳು ಯಲ್ಲೂಬಾಯಿ ಎಂಬಾಕೆ. ಹತ್ತು ವರ್ಷದ ಅನುಭವದವಳು, ಮಿತಭಾಷಿ. ಅಕ್ಕೋರು ಕೊರಳಿಗೆ ಕೈದುರ್ಬೀನು ಹಾಕಿಕೊಂಡು, ನನ್ನತ್ತ ತಿರುಗಿಯೂ ನೋಡದೆ ಒಳಗೆ ಹೋಗಿ ಕೂತರು. ಮಬ್ಬು ದಾಟಿದ ಮೇಲೆ ಅವರಿಗೆ ಸಿಗುವುದು ನಲವತ್ತು ನಿಮಿಷ. ನಾನು ಕೆಳಗೆ, ಮಬ್ಬು ಅಳೆಯುವವರ ಕೋಣೆಯಲ್ಲಿ, ನಿಮ್ಮ ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ಮೇಲಿನವರ ದನಿ ಕೇಳಿಸುವ ಮಾತಿನ ಯಂತ್ರದ ಮುಂದೆ ಕೂತೆ. ಮಬ್ಬು ದಾಟಿತು ಎಂದು ಯಲ್ಲೂಬಾಯಿ ಹೇಳಿದಳು.

"ಅಕ್ಕೋರ, ಏನ್ ಕಾಣ್ತೈತ್ರಿ?"

"ರುದ್ರವ್ವ, ಇಷ್ಟು ಅದಾವಂತ ಯಾರೂ ಹೇಳಲಿಲ್ಲಲ್ಲ!" ಎಂದರು. ಆ ದನಿ ಅವರದೆಂದು ನಂಬಲಾಗಲಿಲ್ಲ, ಅಷ್ಟು ಎಳೆಯದಾಗಿತ್ತು. "ಪುಸ್ತಕದಾಗ ಲೆಕ್ಕ ಇತ್ತು, ಖರೆ. ಆದ್ರ ಹಿಂಗಂತ ಯಾರ್ ಹೇಳಿದ್ರು?"

ಕಷ್ಟ ಶುರುವಾದದ್ದು ಅಲ್ಲಿಂದ. ನಾನು ಸೇರುವ ಮೊದಲಿನದೂ ಸೇರಿ ಐವತ್ತು ವರ್ಷ ಖಾಲಿ ಆಕಾಶ ಗುಡಿಸಿದ ಕೈ ತುಂಬಿದ ಆಕಾಶದಲ್ಲಿ ದಾರಿ ತಪ್ಪಿತು. ಚುಕ್ಕಿಯಿಂದ ಚುಕ್ಕಿಗೆ ಜಾರುತ್ತಾ, ಎಲ್ಲಿ ಶುರು ಮಾಡಿದೆನೆಂಬುದೇ ಅವರಿಗೆ ಮರೆತುಹೋಯಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಬಾಲಚುಕ್ಕಿ ಎಲ್ಲಿದೆಯೆಂದು ಯಲ್ಲೂಬಾಯಿಗೆ ಗೊತ್ತಿತ್ತು, ಕಾವಲುಗಣ್ಣು ಮೊದಲೇ ತಿಳಿಸಿತ್ತು. "ಅಜ್ಜಿ, ತೋರಸ್ಲೇನ್ರಿ?" ಎಂದು ಆಕೆ ಕೇಳಿದ್ದು ನನಗೂ ಕೇಳಿಸಿತು.

"ಬ್ಯಾಡ. ತೋರಿಸಿದ್ರ ಅದು ನೋಡಿದಾಂಗ ಅಲ್ಲ."

"ಹೊತ್ತು ಹೊಂಟೈತ್ರಿ ಅಕ್ಕೋರ, ತೋರಸ್ಲಿ ಬಿಡ್ರಿ," ಎಂದು ನಾನೂ ಬೇಡಿಕೊಂಡೆ. ಅವರು ಒಪ್ಪಲಿಲ್ಲ. ಆಗ ಬೇರೇನೂ ತೋಚದೆ ನೋಟುಬುಕ್ಕು ತೆರೆದು, ನಿಮಗೇ ನೀವು ಬರೆದುಕೊಂಡ ಸೂಚನೆಯನ್ನು ಗಟ್ಟಿಯಾಗಿ ಓದತೊಡಗಿದೆ. "ಗಾಬರಿಯಾದರೆ ದುರ್ಬೀನು ಇಳಿಸು. ಬರಿಗಣ್ಣಿನಿಂದ ಬಾನಂಚು ನೋಡು. ನೆಲ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಶುರು. ಚುಕ್ಕಿಗಳನ್ನು ನೋಡಬೇಡ, ಅವು ಚೂಪಾಗಿರುತ್ತವೆ. ಮಸುಕಾದದ್ದು ಬರುವ ತನಕ ಎಲ್ಲವನ್ನೂ ದಾಟಿಬಿಡು." ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಮೂರನೆಯ ಸಲ ಓದುವಾಗ ಅಕ್ಕೋರು ನಡುವೆ ತಡೆದರು.

"ಸುಮ್ಮನಿರು. ಗುಡಿಸಾಕತ್ತೀನಿ."

ಇನ್ನು ನಾಲ್ಕು ನಿಮಿಷ ಎಂದು ಯಲ್ಲೂಬಾಯಿ ಎಚ್ಚರಿಸಿದ ಮೇಲೆ, ತೀರಾ ಮೆಲ್ಲಗೆ ಕೇಳಿಸಿತು: "ಸಿಕ್ತು."

"ಹೆಂಗೈತ್ರಿ ಅಕ್ಕೋರ? ಹೇಳ್ರಿ, ಹೆಂಗೈತ್ರಿ?"

ಅವರು ಆ ನಾಲ್ಕು ನಿಮಿಷವನ್ನು ನನಗಾಗಿ ಖರ್ಚು ಮಾಡಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಮಾಡುತ್ತಿರಲಿಲ್ಲ. ಕೆಳಗೆ ಇಳಿದು ಬಂದಾಗ ಕಣ್ಣು ಕೆಂಪಗಿತ್ತು. "ನಿನಗ ಹೆಂಗ ಹೇಳ್ಲಿ" ಎಂದಷ್ಟೇ ಹೇಳಿ ನನ್ನ ಹೆಗಲಿಗೆ ಒರಗಿದರು.

ಆಮೇಲೆ ಹದಿಮೂರು ತಿಂಗಳು ಬದುಕಿದ್ದರು. ನಾನು ಹೋದಾಗಲೆಲ್ಲ ಹೇಳಲು ಪ್ರಯತ್ನ ಮಾಡುತ್ತಿದ್ದರು. ಒಂದು ದಿನ ಬಾಲ ನೆಟ್ಟಗೆ ಮೇಲಕ್ಕಿತ್ತು ಎಂದರು. ಇನ್ನೊಂದು ದಿನ ಸ್ವಲ್ಪ ಬಾಗಿತ್ತು ಎಂದರು. ತಲೆಯ ಬಣ್ಣ ಒಮ್ಮೆ ಹಸಿರು, ಒಮ್ಮೆ ಬಿಳಿ. ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ, ಹೇಳಿದ್ದು ಸಾಲದು ಅನ್ನಿಸಿ ಮತ್ತೆ ಹೇಳುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ಈಗ ನನ್ನ ಬಳಿ ಒಂಬತ್ತು ಬಾಲಚುಕ್ಕಿಗಳಿವೆ, ಒಂಬತ್ತೂ ಅವರ ಬಾಯಿಂದ ಬಂದವು. ಕಣ್ಣು ಮುಚ್ಚಿದರೆ ಒಂದೂ ಸರಿಯಾಗಿ ನಿಲ್ಲುವುದಿಲ್ಲ. ಕೊಟ್ಟದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದರೆ, ಇಲ್ಲ ಎನ್ನುತ್ತೇನೆ. ನೋಡಬೇಕು ಎಂಬ ಆಸೆ ಹೋಯಿತೇ ಎಂದರೆ, ಅದೂ ಇಲ್ಲ. ಸಂಜೆಯಾದರೆ ಇವತ್ತಿಗೂ ಮಾಳಿಗೆಗೆ ಹೋಗಿ ಪಡುವಣ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತೇನೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಈ ಪತ್ರ ನಿಮಗೆ ತಲುಪುವುದಿಲ್ಲ ಎಂದು ಬಲ್ಲೆ. ಆದರೂ ಯಾವ ದಿನದ ನಿಮಗೆ ಬರೆಯುತ್ತಿದ್ದೇನೆಂದು ಹೇಳಿಬಿಡುತ್ತೇನೆ. ನಿಮ್ಮ ನೋಟುಬುಕ್ಕಿನಲ್ಲಿ ನಾನೂರ ಮೂವತ್ತೆಂಟು ಸಂಜೆಗಳ ಮುಂದೆ "ಏನೂ ಇಲ್ಲ" ಎಂದು ಬರೆದಿದೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ ಒಂದು ಸಾಲು: "ಇನ್ನು ಸಾಕು. ಆಕಾಶ ದೊಡ್ಡದು, ನನಗೆ ಗಿರಣಿ ಇದೆ." ಆಮೇಲೆ ಏಳು ತಿಂಗಳು ಬರಹವಿಲ್ಲ, ಅದರಾಚೆ ಮತ್ತೆ ಶುರುವಾಗುತ್ತದೆ. ಆ ಏಳು ತಿಂಗಳಲ್ಲಿ ನಿಮಗೆ ಏನಾಯಿತೆಂದು ನಮಗಾರಿಗೂ ತಿಳಿಯದು. ಕಾಯಿಲೆಯೋ, ಮನೆಯಲ್ಲಿ ಯಾರಾದರೂ ಏನಾದರೂ ಅಂದರೋ, ಬರಿಯ ದಣಿವೋ. ಚಿಕ್ಕವಳಿದ್ದಾಗ ಆ ಖಾಲಿ ಜಾಗ ನೋಡಿ ಹಾಳೆ ಬೇಗ ತಿರುವುತ್ತಿದ್ದೆ. ಈಗ ಅಲ್ಲೇ ನಿಲ್ಲುತ್ತೇನೆ. ಬಾಗಿಲು ಹಾಕಿದ ಗಿರಣಿಯ ಮುಂದೆ, ಮಾಳಿಗೆ ಹತ್ತುವುದೋ ಬೇಡವೋ ಎಂದು ಮೆಟ್ಟಿಲ ಕೆಳಗೆ ನಿಂತ ನಿಮಗೆ ಈ ಪತ್ರ.

ನೀವು ಹತ್ತಿ, ಕಸ್ತೂರೆವ್ವ. ನಿಮ್ಮ ತಲೆಯ ಮೇಲೆ ಇರುವುದನ್ನು ನೋಡಲು ಅಕ್ಕೋರಿಗೆ ಎಪ್ಪತ್ತೆಂಟು ವರ್ಷ ಬೇಕಾಯಿತು, ನಲವತ್ತು ನಿಮಿಷ ಸಿಕ್ಕಿತು. ನಿಮಗೆ ಹದಿನೆಂಟು ಮೆಟ್ಟಿಲು. ಏನೂ ಇಲ್ಲದ ಸಂಜೆಯಲ್ಲೂ ಏನೂ ಇಲ್ಲ ಎಂದು ಬರೆಯುತ್ತಿರಿ. ಆ ನಾನೂರ ಮೂವತ್ತೆಂಟು ಸಾಲುಗಳಿಂದಲೇ ನಾವು ಇಬ್ಬರು ಹೆಂಗಸರು ಕಾಯುವುದನ್ನು ಕಲಿತೆವು.

ನಿಮ್ಮ ಬಾಲಚುಕ್ಕಿ ಯಾವ ಸಂಜೆ ಸಿಗುತ್ತದೆ, ಪಡುವಣದಲ್ಲಿ ಯಾವ ಚುಕ್ಕಿಯ ಎಡಕ್ಕೆ, ಬಾನಂಚಿನಿಂದ ಎಷ್ಟು ಮೇಲೆ, ಎಲ್ಲವೂ ನನಗೆ ಗೊತ್ತು. ಈ ಸಾಲಿನಲ್ಲೇ ಬರೆಯಬಹುದಿತ್ತು, ಎರಡು ಸಲ ಪೆನ್ನು ಹಾಳೆಯ ಹತ್ತಿರ ಹೋಯಿತು. ಬರೆಯುವುದಿಲ್ಲ. ನಮಗೆ ಎಲ್ಲವನ್ನೂ ಯಾರೋ ಮೊದಲೇ ತೋರಿಸಿಬಿಡುತ್ತಾರೆ. ನಿಮಗೆ ನಾನು ಹಾಗೆ ಮಾಡಲಾರೆ.

ಹೊತ್ತು ಮುಳುಗಿರಬೇಕು ನಿಮ್ಮಲ್ಲಿ. ಹೋಗಿ ಬನ್ನಿ.

ರುದ್ರವ್ವ ಬಳಿಗಾರ