ಆಗ್ರಾಕ್ಕೆ ಹೊರಟವರ ಸಾಮಾನು

ಪೆರಾಬೆ
೧೬-೧೧-೧೯೫೮

ನನ್ನ ಮುದ್ದು ಅಮ್ಮನಿಗೆ,

ನಿನ್ನ ವಾಸಂತಿಯ ಸಾವಿರ ಮುತ್ತುಗಳು. ಕ್ಷೇಮ ಸಮಾಚಾರ ಆಮೇಲೆ, ಮೊದಲು ನನ್ನ ಹೊಟ್ಟೆಯುರಿ ಕೇಳು.

ನಮ್ಮ ಹನಿಮೂನ್ ಹಾಳಾಯಿತು! ಹಾಳು ಮಾಡಿದವರು ಬೇರೆ ಯಾರೂ ಅಲ್ಲ, ಈ ಊರಿನ ಸತ್ತವರು.

ನಿನ್ನ ಅಳಿಯ ದರ್ಬೆ ಪೇಟೆಗೆ ಉಣ್ಣೆಯ ಕೋಟು ಹೊಲಿಸಲು ಹೋದವರು ಬಾಯಿ ಮುಚ್ಚಿಕೊಂಡು ಬರಬಾರದೇ? ದರ್ಜಿಯ ಮುಂದೆ, ಉತ್ತರ ದೇಶಕ್ಕೆ ರೈಲಿನಲ್ಲಿ ಹೋಗುತ್ತೇವೆ ಎಂದು ಜಂಬ ಕೊಚ್ಚಿಕೊಂಡರು. ಮರುದಿನ ನಾನಿನ್ನೂ ಜಡೆ ಹೆಣೆಯುತ್ತಿದ್ದೆ, ನೆರೆಮನೆಯ ಶಂಕರಿಯಕ್ಕ ಕೆಂಪು ಬಟ್ಟೆ ಕಟ್ಟಿದ ಪುಟ್ಟ ಗಡಿಗೆಯೊಂದನ್ನು ತಂದಿಟ್ಟರು. ಉಪ್ಪಿನಕಾಯಿ ಎಂದುಕೊಂಡು ನಾನು, ಎಷ್ಟು ಉಪಕಾರ ಅಕ್ಕಾ, ಇವರಿಗೆ ಮಿಡಿ ಎಂದರೆ ಪ್ರಾಣ ಎಂದೆ!

"ಅಯ್ಯೋ ಮಾರಾಯ್ತಿ, ಅದು ನಮ್ಮ ಮಾವ! ಗಂಗೆಗೆ ಬಿಟ್ಟು ಬಾ" ಎಂದರು.

ಆಗ್ರಾದಲ್ಲಿ ಗಂಗೆ ಇಲ್ಲ, ನಾವು ಹೋಗುವುದು ತಾಜಮಹಲು ನೋಡಲು ಎಂದು ಭೂಗೋಳವನ್ನೆಲ್ಲ ಬಿಡಿಸಿ ಹೇಳಿದೆ. "ಬರೀ ನೋಡ್ಲಿಕ್ಕೆ ಯಾರಾದ್ರೂ ಅಷ್ಟು ದೂರ ಹೋಗುದುಂಟಾ? ಅದೆಂತ, ಗೋರಿ ಅಲ್ವಾ? ಯಾರದೋ ಹೆಂಡತಿಯ ಗೋರಿ ನೋಡ್ಲಿಕ್ಕೆ ಆಗ್ತದೆ, ನಮ್ಮ ಮಾವನನ್ನು ಕೊಂಡೋಗ್ಲಿಕ್ಕೆ ಆಗುದಿಲ್ವಾ?"

ನನ್ನ ಮಾವನವರಿಗಂತೂ ಸಂಭ್ರಮ. ಅವರ ಅಜ್ಜನ ಕಾಲದಲ್ಲಿ ಕಾಶಿಗೆ ನಡೆದು ಹೋಗುವವರು ಆಸ್ತಿ ಪಾಲು ಮಾಡಿ, ಎಲ್ಲರಲ್ಲೂ ಕ್ಷಮೆ ಬೇಡಿ ಹೊರಡುತ್ತಿದ್ದರಂತೆ. ಮರಳಿ ಬಂದರೆ ಪುಣ್ಯ, ಬಾರದಿದ್ದರೂ ಪುಣ್ಯ. "ಈಗ ಮಂಗಳೂರಲ್ಲಿ ಹತ್ತಿ ಕೂತ್ರೆ ಆಯ್ತು, ನಿಮಗೆಂತ ಭಾರ?" ಎನ್ನುತ್ತಾರೆ. ಮೊನ್ನೆ ಕಡಬದಿಂದ ಸಂಕಪ್ಪಜ್ಜ ತೀರಿಹೋದ ಹೆಂಡತಿಯನ್ನು ಹೆಗಲ ಬೈರಾಸಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದರು. ಗಡಿಗೆ ಕೊಟ್ಟು, ಕಾಶಿಗೆ ಹೋಗುವವಳೆಂದು ನನ್ನ ಕಾಲು ಮುಟ್ಟಿದರು, ಅಮ್ಮಾ! ಹತ್ತೊಂಬತ್ತರ ಹುಡುಗಿಯ ಕಾಲು! ನಾನು ಕಿರುಚಿ ಒಳಗೆ ಓಡಿದೆ.

ಈಗ ನನ್ನ ಹೊಸ ಸೂಟ್‌ಕೇಸಿನ ತುಂಬ ಅವೇ ಅಸ್ಥಿಯ ಗಡಿಗೆಗಳು. ಇವರ ರಜೆಯಲ್ಲಿ ಆಗ್ರಾ ಇಲ್ಲವೇ ಕಾಶಿ, ಎರಡಕ್ಕೂ ದಿನ ಸಾಲದು. ಕೇಳಿದರೆ "ನೀನೇ ಹೇಳು" ಎನ್ನುತ್ತಾರೆ. ಗಂಡನಾದವನು ಒಮ್ಮೆಯಾದರೂ ಊರವರಿಗೆ "ಆಗುದಿಲ್ಲ" ಎನ್ನಬಾರದೇ? ಬೆಳದಿಂಗಳಲ್ಲಿ ನನ್ನ ಫೋಟೋ ತೆಗೆಯುತ್ತೇನೆ ಎಂದಿದ್ದವರು ಗಡಿಗೆ ಒಡೆಯದಂತೆ ನಡುವೆ ಬೈಹುಲ್ಲು ತುರುಕುತ್ತ ಕೂತಿದ್ದಾರೆ.

ನಿನ್ನೆ ಅತ್ತೆ ಮೆಲ್ಲಗೆ ಕೇಳಿದರು, "ನಿನ್ನ ಅಪ್ಪಂದು ಗಂಗೆಗೆ ಬಿಟ್ಟಾಗಿದೆಯಾ ಮಗಾ? ನಿಮ್ಮಲ್ಲಿ ಗಂಡುಮಕ್ಕಳು ಇಲ್ಲ ಅಲ್ವಾ, ಅದಕ್ಕೆ ಕೇಳಿದ್ದು." ಎಲ್ಲ ಎಂದೋ ಆಗಿದೆ ಎಂದು ಸಿಡುಕಿ ಎದ್ದುಬಂದೆ. ಅವರಿಗೇಕೆ ನಮ್ಮ ಮನೆಯ ವಿಷಯ!

ಬುಧವಾರ ಸ್ಟೇಷನ್ನಿಗೆ ಬಂದು ನನ್ನ ಅವಸ್ಥೆ ನೋಡು. ಚಕ್ಕುಲಿ ತರಬೇಡ.

ಕುದಿಯುತ್ತಿರುವ ನಿನ್ನ ಮಗಳು,
ವಾಸಂತಿ

ಮರೆತ ಮಾತು: ನಿನ್ನ ಅಳಿಯನನ್ನು ಬೈಯಬೇಡ. ಆಗ್ರಾ ಬೇಡ, ಕಾಶಿಗೇ ಹೋಗುವ ಎಂದು ಇವತ್ತು ಬೆಳಿಗ್ಗೆ ಹೇಳಿದವಳು ನಾನೇ. ನಮ್ಮ ಮನೆಯ ಬಾವಿಯ ಹಿಂದಿನ ಹಲಸಿನ ಕೊಂಬೆಗೆ ನೀನು ಕಟ್ಟಿಟ್ಟ ಗಡಿಗೆಯನ್ನು ನಾಲ್ಕು ವರ್ಷ ಕಂಡೂ ಕಾಣದ ಹಾಗಿದ್ದೆ. ಕೊಂಡುಹೋಗಿ ಎಂದು ನೀನೂ ಯಾರಲ್ಲೂ ಕೇಳಲಿಲ್ಲ. ಬರುವಾಗ ಅಪ್ಪನನ್ನು ಕರೆದುಕೊಂಡು ಬಾ. ಕಿಟಕಿಯ ಪಕ್ಕ ಜಾಗ ಇಟ್ಟಿರುತ್ತೇನೆ. ಅವರು ಮದರಾಸಿನಿಂದ ಆಚೆ ಏನನ್ನೂ ನೋಡಿದವರಲ್ಲ.