ನೋಂದಣಿಯಿಲ್ಲದ ಹೆಂಗಸರು

ಬೈಲಹೊಂಗಲ
ಮಾರ್ಚ್ ೨೦೦೮

ನನ್ನ ಮೆಹೆರಾಜ,

ನೀನು ಹೋಗಿ ಒಂಬತ್ತು ವರ್ಷ. ಆದರೂ ಈ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕು.

ತೊಂಬತ್ತಮೂರರಲ್ಲಿ ನಾವಿಬ್ಬರೂ ಸೇವಾಸಂಸ್ಥೆಗಳ ಮೇಲೆ ಸಂಶೋಧನೆ ಮಾಡಲು ಧಾರವಾಡಕ್ಕೆ ಹೋದೆವಲ್ಲ, ಆಗ ಸಂಶೋಧನೆಯೆಂದರೆ ಎಣಿಕೆ. ಸವದತ್ತಿಯಲ್ಲಿ ಎಷ್ಟು ಸಂಸ್ಥೆ, ರಾಮದುರ್ಗದಲ್ಲಿ ಎಷ್ಟು, ಯಾವುದಕ್ಕೆ ಅನುದಾನ. ನಾನು ಅದನ್ನೇ ಆರಿಸಿಕೊಂಡೆ. ನೀನು ಮಾತ್ರ ನಿಮ್ಮೂರು ಸಂಪಗಾಂವದ ಹೆಂಗಸರ ಬಗ್ಗೆ ಬರೆಯುತ್ತೇನೆಂದೆ. ಸಾವಾದ ಮನೆಗೆ ಕರೆಯದೆಯೇ ಹೋಗಿ, ಸತ್ತ ಹೆಣ್ಣುಮಗಳ ಮೈ ತೊಳೆದು ಕಫನು ಬಟ್ಟೆ ಹೊದಿಸುವ ನಿನ್ನ ತಾಯಿ ಕಾಶಿಂಬಿ ಚಾಚಿ, ಆ ಮನೆಯ ಒಲೆ ಮತ್ತೆ ಹೊತ್ತುವವರೆಗೂ ರೊಟ್ಟಿ ಪಲ್ಯ ತರುವ ಸುಂದರವ್ವ, ಅಂಥವರ ಬಗ್ಗೆ.

"ನೋಂದಣಿ ಇಲ್ಲ, ಅಧ್ಯಕ್ಷರಿಲ್ಲ. ಇದನ್ನ ಸಂಸ್ಥೆ ಅಂತ ಹೆಂಗ ಬರೀತೀಯವಾ? ಮಂದಿ ಮಂದಿಗೆ ಆಗೋದಷ್ಟ ಇದು," ಎಂದರು ನಮ್ಮ ಗೈಡ್.

"ಮಂದಿ ಮಂದಿಗೆ ಯಾಕ ಆಗತಾರ ಅನ್ನೋದನ್ನ ಬಿಟ್ಟು, ಮತ್ತೇನ ಓದಾಕ ಬಂದೇವ್ರಿ ಸರ್ ನಾವು?" ಎಂದೆ ನೀನು.

ವಿಷಯ ಬದಲಿಸಲು ನೀನು ಒಪ್ಪಲಿಲ್ಲ. ಬರೆದಿದ್ದ ಎರಡು ಅಧ್ಯಾಯ ನನ್ನ ಕೈಗಿಟ್ಟು, ಊರಿಗೆ ಮರಳಿ ಸಾಲಿ ಟೀಚರಾದೆ. ತೊಂಬತ್ತೊಂಬತ್ತರಲ್ಲಿ ಕಾಮಾಲೆ ನಿನ್ನನ್ನು ಒಯ್ದಿತು. ನಿನ್ನ ಮೈ ತೊಳೆದವರೂ ಅದೇ ಹೆಂಗಸರು. ತಲೆಗೆ ನೀರು ಹಾಕುವುದನ್ನು ಮಾತ್ರ ಚಾಚಿ ಯಾರಿಗೂ ಬಿಟ್ಟುಕೊಡಲಿಲ್ಲ.

ಆಮೇಲೆ ನಮ್ಮ ಓದು ದಾರಿ ಬದಲಿಸುತ್ತಲೇ ಹೋಯಿತು. ಎಣಿಕೆ ಹಳತಾಗಿ ಆಡಳಿತದ ಮಾತು ಬಂತು. ಸ್ವಸಹಾಯ ಸಂಘಗಳು ಬೆಳೆದ ಮೇಲೆ ಎಲ್ಲರ ಕೈಯಲ್ಲೂ ಫಲಿತಾಂಶದ ಕೋಷ್ಟಕ. ನಾನೂ ಅವನ್ನೆಲ್ಲ ಬರೆದೆ, ಇಲ್ಲಿನ ಕಾಲೇಜಿನಲ್ಲಿ ಕಲಿಸಿದೆ. ಹೋದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಕಿತ್ತೂರಿನ ವಿರೂಪಾಕ್ಷ ಎಂಬ ಸಂಶೋಧಕ, ಹೆಸರು ನೋಂದಣಿ ಯಾವುದೂ ಇಲ್ಲದ ನೆರವಿನ ಬಗ್ಗೆ ಪ್ರಬಂಧ ಓದಿದ. ಹೊಸ ದಿಕ್ಕು ಎಂದು ದೊಡ್ಡವರೆಲ್ಲ ತಲೆದೂಗಿದರು.

"ನಮ್ಮ ಕಡೆ ಇದನ್ನ ಯಾರೂ ಕೇಳೇ ಇಲ್ರಿ," ಎಂದ.

ನಾನು ಎದ್ದು ನಿಂತೆ. "ಕೇಳ್ಯಾಳ. ಸಂಪಗಾಂವದ ಮೆಹೆರಾಜ," ಎಂದೆ.

ಮರುವಾರವೇ ಅವನು ನಮ್ಮ ಮನೆಗೆ ಬಂದು ನಿನ್ನ ಅಧ್ಯಾಯಗಳನ್ನು ಓದಿದ. ಅವನ ಮಹಾಪ್ರಬಂಧ ಈಗ ಮುಗಿದಿದೆ, ಮೆಹೆರಾಜ. ಅದು ನಿನ್ನ ಪ್ರಶ್ನೆಯಿಂದ, ನಿನ್ನ ಹೆಸರಿನಿಂದಲೇ ಶುರುವಾಗುತ್ತದೆ.

ಮೊನ್ನೆ ಚಾಚಿಗೆ ತೋರಿಸಲು ಹೋಗಿದ್ದೆ. ಅಕ್ಷರ ಬಾರದ ಅವರು, ನಿನ್ನ ಹೆಸರು ಎಲ್ಲಿದೆಯೆಂದು ಕೇಳಿ ಅದರ ಮೇಲೆ ಬೆರಳಿಟ್ಟರು.

"ಹಂಗಾರ ನನ್ನ ಮಗಳು ಪಾಸ ಆದಳೇನವಾ, ಶೈಲಾ?"

"ಆದಳ್ರಿ ಚಾಚಿ," ಎಂದೆ.

ನಿನ್ನ ಮೇಲಿನ ಮಣ್ಣು ಸದಾ ತಂಪಾಗಿರಲಿ, ಗೆಳತಿ.

ನಿನ್ನ
ಶೈಲಜಾ